ಒಂದು ಸಲಕ್ಕೆ ಒಂದೇ ಕಾಯಿಲೆ

ಟಣ್. ಚರ್ಚಿನ ಪಿಯಾನೋದ ಒಂದೇ ಸ್ವರ ಖಾಲಿ ಬೆಂಚುಗಳ ಮೇಲೆ ಹರಡಿ ಆರಿತು. ಮತ್ತೆ ಟಣ್. ಆರ್ವಲ್ ಸ್ಟಕಿ ತಂತಿಯ ಗೂಟವನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆ ಓರೆ ಮಾಡಿ ಕೇಳಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎಡಗಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು. ಆ ಹತ್ತಿಯ ಆಚೆ ಯಾರೋ ನೀರು ಕಾಯಿಸಲು ಇಟ್ಟು ಮರೆತ ಹಾಗೆ ಸುಂಯ್ ಎನ್ನುವ ಸದ್ದು.

ಮಾರನೆಯ ದಿನ ಹೇಗೂ ಅವನು ಡಾಕ್ಟರ ಬಳಿ ಹೋಗುವುದಿತ್ತು. ಆದರೆ ಅದು ಮೊಣಕಾಲಿಗೆ.

ಕ್ಯಾನ್ಸಸ್‌ನ ನಮ್ಮ ಈ ಗೋಧಿ ಸೀಮೆಯಲ್ಲಿ ಚರ್ಚು, ಶಾಲೆ, ಹೊಲದ ಮನೆ ಎಲ್ಲಿದ್ದರೂ ಪಿಯಾನೋಗೆ ಶ್ರುತಿ ಕೂರಿಸುವವನು ಆರ್ವಲ್ ಒಬ್ಬನೇ. ತನ್ನ ಕೆಲಸಕ್ಕೆ ತಾನೇ ಯಜಮಾನ. ಹಾಗಾಗಿ ವಿಮೆ ಕಟ್ಟಿಕೊಡುವ ಯಜಮಾನರು ಬೇರೆ ಯಾರೂ ಇರಲಿಲ್ಲ. ತಾನೇ ಕೊಂಡಿದ್ದ ವಿಮೆಯೋ, ಮನುಷ್ಯನನ್ನು ಆಸ್ಪತ್ರೆಗೆ ಹೊತ್ತು ಹಾಕಿದ ಮೇಲಷ್ಟೇ ಕಣ್ಣು ಬಿಡುವಂಥದ್ದು. ವರ್ಷಗಟ್ಟಲೆ ಅವನು ಹೋಗುತ್ತಿದ್ದ ದೊಡ್ಡ ಕ್ಲಿನಿಕ್ಕಿನಲ್ಲಿ ಡಾಕ್ಟರು ಕಂಪ್ಯೂಟರಿಗೆ ಮುಖ ಕೊಟ್ಟು, ಇವನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಗೋಡೆಯ ಮೇಲೆ ಒಂದು ಫಲಕ: 'ದಯವಿಟ್ಟು ಒಂದು ಭೇಟಿಗೆ ಒಂದೇ ತೊಂದರೆ.' ಎರಡನೆಯದಕ್ಕೆ ಬಾಯಿ ತೆರೆದರೆ ಎರಡನೆಯ ಬಿಲ್ಲು. ಆರ್ವಲ್ ಶಿಸ್ತಿನ ಮನುಷ್ಯ. ಕ್ಷೌರದಂಗಡಿಯಲ್ಲಿ ಜನ ಕೂತ ಹಾಗೆ ತನ್ನ ನೋವುಗಳನ್ನೆಲ್ಲ ಸಾಲಾಗಿ ಕೂರಿಸಿಕೊಂಡಿದ್ದ. ಸರದಿ ಬರುವವರೆಗೆ ಯಾವುದೂ ಏಳುವಂತಿರಲಿಲ್ಲ.

ಅವನನ್ನು ಹೊಸ ಡಾಕ್ಟರಿಗೆ ಒಪ್ಪಿಸಿದವಳು ಹೆಂಡತಿ ವರ್ಲಾ. ಮುಖ್ಯ ಬೀದಿಯಲ್ಲಿ ಹಿಂದೆ ಚಪ್ಪಲಿ ಅಂಗಡಿಯಿದ್ದ ಜಾಗದಲ್ಲಿ ಕೆಂಡ್ರಾ ವೋತ್ ಎಂಬ ಡಾಕ್ಟರು ಕ್ಲಿನಿಕ್ಕು ತೆರೆದಿದ್ದರು. ಅವರಿಗೆ ವಿಮೆಯ ಗೊಡವೆಯಿಲ್ಲ. ತಿಂಗಳು ತಿಂಗಳು ಸದಸ್ಯತ್ವದ ಹಣ ಕಟ್ಟಿದರೆ ಆಯಿತು, ಬೇಕೆಂದಾಗ ಹೋಗಬಹುದು, ಮೊಬೈಲಿಗೇ ಮೆಸೇಜು ಮಾಡಬಹುದು.

"ಜಿಮ್ ಸೇರ‍್ದಂಗಾಯ್ತು ಬಿಡು," ಎಂದಿದ್ದ ಗೆಳೆಯ ಡೆಲ್ಮರ್. "ಅಲ್ಲೂ ದುಡ್ಡು ಕಟ್ತಾರೆ, ಒಬ್ರೂ ಹೋಗಲ್ಲ."

ಅವನು ಅಂದದ್ದೇ ನಿಜವಾಯಿತು. ಮೊಣಕಾಲು ಊದಿಕೊಂಡಾಗ ವರ್ಲಾ, "ಒಂದು ಮೆಸೇಜ್ ಹಾಕೋಕೆ ಏನು ಧಾಡಿ ನಿಂಗೆ?" ಎಂದು ಕೇಳಿದ್ದಳು.

"ಊಟದ ಹೊತ್ತು. ಅವರ ಮನೇಲೂ ಚಿಕ್ಕ ಮಕ್ಕಳಿದಾರೆ. ಸುಮ್ನೆ ಯಾಕೆ ತೊಂದ್ರೆ ಕೊಡೋದು?"

"ಅದಕ್ಕೇ ಅಲ್ವಾ ದುಡ್ಡು ಕಟ್ತಿರೋದು?"

"ಕಟ್ಟಿದೀವಿ ಅಂತ ಮೈಮೇಲೆ ಬೀಳಕ್ಕಾಗತ್ತಾ?"

ಕೊನೆಗೆ ಅವಳೇ ದಿನ ಗೊತ್ತು ಮಾಡಿ ಕಳಿಸಿದಳು. ಕೆಂಡ್ರಾ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಕಾಲು ಮಡಿಸಿದರು, ಬಿಡಿಸಿದರು, ಅವನ ತಾಯಿಯ ಕೀಲುನೋವಿನ ಕತೆಯನ್ನೂ ಕೇಳಿದರು. ಗಂಟೆ ಕಳೆದರೂ ಗಡಿಯಾರದ ಕಡೆ ನೋಡಲಿಲ್ಲ. ಅವನು ಎದ್ದು ಹೊರಡುವಾಗ ಕೇಳಿದರು: "ಇನ್ನೇನಾದ್ರೂ ಇದೆಯಾ ಆರ್ವಲ್?"

"ಇಲ್ಲ ಡಾಕ್ಟ್ರೇ. ಇವತ್ತಿಗೆ ಮೊಣಕಾಲಷ್ಟೇ."

ಅವನ ಎಡಗಿವಿಯಲ್ಲಿ ಆಗಲೂ ನೀರು ಕಾಯುತ್ತಿತ್ತು. ಅದನ್ನು ಅವನು ಮುಂದಿನ ಸಲಕ್ಕೆಂದು ತೆಗೆದಿಟ್ಟಿದ್ದ.

ಮೂರು ವಾರದ ಮೇಲೆ ಶಾಲೆಯ ಸಂಗೀತದ ಮೇಷ್ಟರು ಫೋನು ಮಾಡಿದರು. ಸಂಕೋಚದಿಂದ ಹವಾಮಾನ, ಗೋಧಿ ಕೊಯ್ಲು ಎಲ್ಲ ಮಾತಾಡಿ ಕೊನೆಗೆ, ಮೊನ್ನೆ ಶ್ರುತಿ ಕೂರಿಸಿಹೋದ ಪಿಯಾನೋದ ಮೇಲಿನ ಸ್ವರಗಳು ಯಾಕೋ ಕೂತಿಲ್ಲ, ಬಿಡುವಾದಾಗ ಒಂದು ಸಲ ಬರಲಾದೀತೇ ಎಂದರು. ಅಂಥ ಫೋನು ಅವನ ಜನ್ಮದಲ್ಲಿ ಬಂದಿರಲಿಲ್ಲ. ಆರ್ವಲ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಏನಾಯಿತೆಂದು ವರ್ಲಾ ಎರಡು ಸಲ ಕೇಳಿದರೂ ತಿರುಗಲಿಲ್ಲ. ಅವಳು ನಿಂತಿದ್ದದ್ದು ಅವನ ಎಡಕ್ಕೆ. ಅವಳಿಗೆ ಅರ್ಥವಾಯಿತು. ತಾನೇ ಮೆಸೇಜು ಹಾಕಿದಳು. ಕೈಯಿಂದ ಫೋನು ಕೆಳಗಿಡುವ ಮೊದಲೇ ಉತ್ತರ: 'ಈಗಲೇ ಕರ್ಕೊಂಡು ಬನ್ನಿ.'

ಕೆಂಡ್ರಾ ಎರಡು ಕವಲಿನ ಉಕ್ಕಿನ ಶ್ರುತಿಕಡ್ಡಿಯನ್ನು ತಟ್ಟಿ ಅವನ ನೆತ್ತಿಯ ಮೇಲಿಟ್ಟರು. ಅಂಥದೇ ಕಡ್ಡಿ ಅವನ ಅಂಗಿಯ ಜೇಬಿನಲ್ಲೂ ಇತ್ತು.

"ಯಾವ ಕಡೆ ಕೇಳಿಸ್ತಿದೆ?"

"ಬಲಗಡೆ ಮಾತ್ರ."

"ಯಾವಾಗಿಂದ ಹೀಗೆ?"

"ಮೊಣಕಾಲು ತೋರ‍್ಸೋಕೆ ಬಂದಿದ್ನಲ್ಲ, ಅದರ ಹಿಂದಿನ ದಿನದಿಂದ."

ಕೆಂಡ್ರಾ ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ನೀವಿಲ್ಲಿ ಒಂದು ಗಂಟೆ ಕೂತಿದ್ರಿ. ಇನ್ನೇನಾದ್ರೂ ಇದೆಯಾ ಅಂತ ನಾನೇ ಕೇಳ್ದೆ."

"ಅವತ್ತು ಮೊಣಕಾಲಿನ ಸರದಿ ಡಾಕ್ಟ್ರೇ."

ಸರದಿ ಎಂದರೇನೆಂದು ವರ್ಲಾ ವಿವರಿಸಬೇಕಾಯಿತು. ಕೆಂಡ್ರಾ ಅವರ ಕುತ್ತಿಗೆಯವರೆಗೂ ಕೆಂಪೇರಿತು. ಬೈಯಲು ಎದುರಿಗೆ ಸರಿಯಾದ ಮನುಷ್ಯ ಇರಲಿಲ್ಲ. "ಕಿವಿ ಹೀಗೆ ಏಕಾಏಕಿ ಹೋದ್ರೆ ಮೊದಲ ದಿನಗಳಲ್ಲೇ ಔಷಧಿ ಬೀಳಬೇಕು," ಎಂದಷ್ಟೇ ಹೇಳಿ, ತಮ್ಮ ಕಪಾಟಿನಿಂದಲೇ ಮಾತ್ರೆ ತೆಗೆದು ನುಂಗಿಸಿದರು. ಆಮೇಲೆ ವಿಚಿಟಾ ನಗರದ ಕಿವಿ ತಜ್ಞರ ಕಚೇರಿಗೆ ಫೋನು ಹಚ್ಚಿದರು. ಕಾಯುವವರಿಗೆಂದು ಹಾಕಿದ ಯಂತ್ರದ ಪಿಟೀಲು ಕೊರೆಯುತ್ತಲೇ ಇತ್ತು. ಕೊನೆಗೊಂದು ದನಿ ಬಂತು.

"ಯಾವ ವಿಮೆ ಮೇಡಂ?"

"ನಾನು ಅವರ ಡಾಕ್ಟ್ರು. ಇದು ಕಾಯೋ ಕೇಸಲ್ಲ."

"ನಿಮ್ಮ ಹೆಸರು ನಮ್ಮ ವಿಮೆ ಡಾಕ್ಟ್ರುಗಳ ಪಟ್ಟಿಯಲ್ಲೇ ಇಲ್ವಲ್ಲ. ಇಪ್ಪತ್ತಾರಕ್ಕೆ ಹಾಕ್ಲಾ?"

"ಈ ತಿಂಗಳು?"

"ಇಲ್ಲ, ಮುಂದಿನದು."

ಫೋನಿಟ್ಟ ಕೆಂಡ್ರಾ, ಈಗ ಕಿವಿ ಡಾಕ್ಟರಾಗಿದ್ದ ಓದಿನ ಕಾಲದ ಗೆಳತಿಯೊಬ್ಬಳನ್ನು ಹಿಡಿದು, ಹೆಚ್ಚುಕಡಿಮೆ ಜಗಳವಾಡಿ, ಮಾರನೆಯ ಬೆಳಿಗ್ಗೆಯೇ ಅವನ ಕಿವಿಯೊಳಗೆ ಸೂಜಿ ಹಾಕಿಸಿದರು. ಕೆಳಗಿನ ಸ್ವರಗಳು ಮರಳಿದವು. ಮೇಲಿನವು ಬರಲಿಲ್ಲ. ಎರಡು ಕಿವಿಯ ಕೆಲಸವನ್ನು ಈಗ ಬಲಗಿವಿಯೊಂದೇ ಹೊರಬೇಕಾಗಿತ್ತು.

ಅದಾದ ಕೆಲವು ವಾರಗಳಿಗೆ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಡೆಲ್ಮರ್ ರೂಬಾರ್ಬ್ ಪೈ ಎಂಬ ಹುಳಿಸಿಹಿ ತಿನಿಸು ಹಿಡಿದು ಆರ್ವಲ್‌ನ ಬಲಗಡೆಗೇ ಬಂದು ನಿಂತ.

"ಅಲ್ಲಯ್ಯ, ಬೇಜಾರು ಮಾಡ್ಕೋಬೇಡ. ತಿಂಗಳು ತಿಂಗಳು ಕಟ್ಟಿ ಏನು ಬಂತು ನಿನ್ನ ಡಾಕ್ಟ್ರಿಂದ? ಕಿವಿ ಹೋಗೋದು ಹೋಯ್ತು."

"ಅವರು ಇದ್ರು ಕಣೋ. ನಾನೇ ಹೋಗ್ಲಿಲ್ಲ."

"ಯಾವನಾದ್ರೂ ಹೋಗ್ತಾನಾ ಅಷ್ಟಕ್ಕೆಲ್ಲ? ನಮ್ಮಪ್ಪನಿಗೆ ಕೈ ಮುರಿದಾಗ ಕೊಯ್ಲು ಮುಗಿಸಿ ಆಮೇಲೆ..."

ಆರ್ವಲ್ ತಲೆ ಓರೆ ಮಾಡಿದ. ಮೂಲೆಯಲ್ಲಿದ್ದ ಕರೆಂಟಿನ ಕಾಫಿ ಪಾತ್ರೆಯ ಕಡೆ ನೋಡಿದ. ಅದರ ದೀಪ ಆರಿತ್ತು. ಆದರೂ ಎಲ್ಲೋ ನೀರು ಕಾಯುತ್ತಿತ್ತು, ಸುಂಯ್ ಎಂದು. ಈ ಸಲ ಬಲಗಡೆ.

ಅವನು ಕಾಫಿ ಲೋಟವನ್ನು ಕಿಟಕಿಯ ಅಂಚಿನಲ್ಲಿಟ್ಟು ಜೇಬಿನಿಂದ ಫೋನು ತೆಗೆದ.

"ಯಾರಿಗೆ, ಡಾಕ್ಟ್ರಿಗಾ?" ಡೆಲ್ಮರ್ ಪೈ ಅಗಿಯುವುದನ್ನು ನಿಲ್ಲಿಸಿದ. "ಭಾನುವಾರ ಕಣೋ ಇವತ್ತು. ಪಾಪ, ಆ ಹೆಣ್ಣುಮಗಳೂ ಊಟಕ್ಕೆ ಕೂತಿರ‍್ತಾಳೆ. ನಾಳೆ ಬೆಳಿಗ್ಗೆ ನಿಧಾನಕ್ಕೆ ಒಂದು..."

ಆರ್ವಲ್ ಆಗಲೇ ಮೆಟ್ಟಿಲ ಮೇಲಿದ್ದ. ಸರಿಯಾಗಿ ಮಡಿಸಲು ಬಾರದ ಮೊಣಕಾಲನ್ನು ಎಳೆದುಕೊಂಡು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಿದ್ದ.