ಅಪ್ಪನಿಗೆ ಉಳಿದ ಮಾತು

ಒಂದು ಬೆಳಗ್ಗೆ ಅಪ್ಪನ ಬಲಗೈ ಬಲಗಾಲುಗಳು ಸೇವೆಯಿಂದ ನಿವೃತ್ತಿ ಪಡೆದವು. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿದ್ದ ನಮ್ಮ ಮನೆಗೆ ದಿಂಡುಗಲ್ಲಿನ ವೈದ್ಯರು ಬಂಡಿಯಲ್ಲಿ ಬಂದರು. ಪಾರ್ಶ್ವವಾಯುವೆಂದು ಪಾರಿವಾಳದ ರಕ್ತ ಸವರಿಸಿ, ತಮಿಳಿನಲ್ಲಿ ಏನೇನೋ ಕೇಳಿದರು. ಅಪ್ಪ ಗೋಡೆ ನೋಡಿದರು. ಮಾತು ಪೂರ್ತಿ ಹೋಗಿದೆಯೆಂದು ತೀರ್ಪಾಯಿತು.

ಆಮೇಲೆ ಅವ್ವ ಗಂಜಿ ಕುಡಿಸುತ್ತ ನಮ್ಮ ಮನೆಮಾತಾದ ಕನ್ನಡದಲ್ಲಿ, "ಉಪ್ಪು ಸಾಕಾ?" ಎಂದಳು.

"ಸಾಲ್ದು," ಎಂದರು ಅಪ್ಪ. ಹೋದದ್ದು ತಮಿಳು ಮಾತ್ರ.

ಸಂಜೆ ಅಪ್ಪನ ಬಾಲ್ಯದ ಗೆಳೆಯರೊಬ್ಬರು ಬಂದರು. ಅವರಿಗೆ ಬರುತ್ತಿದ್ದುದು ತಮಿಳೊಂದೇ. ಉತ್ತರ ಬರಲೆಂದೇ ಎಂದಿನಂತೆ ಬೈದರು.

"ಇವ ಏನಂತಾನೆ?" ಎಂದು ಅಪ್ಪ ನನ್ನನ್ನು ಕೇಳಿದರು.

"ನಮ್ಮೆತ್ತು ಅವರ ಹೊಲದ ಸೋಳದ ತೆನೆ ತಿಂತಂತೆ."

"ಸುಳ್ಳು ಅಂತ ಹೇಳು."

ತಮಿಳಿನಲ್ಲಿ ಹೇಳಿದೆ. ಗೆಳೆಯರು ನೆಮ್ಮದಿಯಾಗಿ ಕುಳಿತರು.

ಅಂದಿನಿಂದ ಅವರಿಬ್ಬರ ಜಗಳ ಸಾಗಿಸುವ ಉದ್ಯೋಗ ನನ್ನದಾಯಿತು. ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ, ಹೇಳಿದ್ದನ್ನು ಹೇಳುತ್ತಿದ್ದೆ.