ನೆಲಸಂಪಿಗೆ ಅರಳಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಮ್ಮ ಇರಲಿಲ್ಲ ಮಕ್ಕಳೇ. ಗಂಜಿ ಬಡಿಸಿ, ತಲೆ ಬಾಚಿ, ಕಿವಿ ಹಿಂಡಿ ನನ್ನನ್ನು ಬೆಳೆಸಿದವಳು ಅಕ್ಕ. ತುಳಸಿ ಹಬ್ಬ ಕಳೆದ ಮೇಲೆ ಅವಳನ್ನು ಕಿರಿಮಂಜೇಶ್ವರಕ್ಕೆ ಮದುವೆ ಮಾಡಿ ಕೊಟ್ಟರು. ವಂಡ್ಸೆಯ ಮನೆಯಲ್ಲಿ ಅಪ್ಪ, ನಾನು, ಎರಡು ದನ ಉಳಿದೆವು. ಅಪ್ಪನದು ಮೊದಲೇ ಮಾತು ಕಡಿಮೆ. ಸಂಜೆಯಾದರೆ ನನಗೆ ಅಳು ಬರುತ್ತಿತ್ತು.

ಹೊರಡುವಾಗ ಅಕ್ಕ ಮನೆ ಹಿಂದಿನ ಮರಗಳ ಹಾಡಿಯತ್ತ ಕೈ ತೋರಿಸಿ, "ನೆಲಸಂಪಿಗೆ ಹೂ ಬಂದ್ ಕೂಡ್ಲೆ ಹೇಳಿ ಕಳ್ಸ್, ಬತ್ತೆ" ಎಂದಿದ್ದಳು. ಆದರೆ ಅವಳು ಹೋದ ಬೆನ್ನಿಗೇ ಆ ಗಿಡದ ಎಲೆಯೆಲ್ಲ ಒಣಗಿ ಮಾಯವಾಯಿತು. ಗಿಡವೇ ಇಲ್ಲದಿದ್ದರೆ ಅಕ್ಕ ಬರುವುದು ಹೇಗೆ? ಗಾಬರಿಯಿಂದ ದಿನಾ ಕೊಡಪಾನದಲ್ಲಿ ನೀರು ಹೊತ್ತು ಸುರಿದೆ.

"ಸಾಯ್ಲಿಲ್ಲ ಮಾಣಿ, ಮಣ್ಣಡಿಗ್ ಮನ್ಕಂಡಿತ್. ನೀರ್ ಹಾಕಿ ಕೊಳ್ಸ್‌ಬೇಡ" ಎಂದರು ಅಪ್ಪ. ನಾನು ನಂಬಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ದನದ ಹಟ್ಟಿಗೆ ಹಾಸಲು ತರಗೆಲೆ ತರೋಣವೆಂದು ಹೆಡಿಗೆ ಹೊತ್ತು ಹಾಡಿಗೆ ಹೋದೆ. ಹಿಂದಿನ ವರ್ಷ ಅಕ್ಕ ಎಲೆ ಗುಡಿಸಿ ತುಂಬುತ್ತಿದ್ದಳು, ನಾನು ಹೆಡಿಗೆಯೊಳಗೆ ನಿಂತು ತುಳಿಯುತ್ತಿದ್ದೆ. ಈ ಸಲ ಗುಡಿಸುವವನೂ ನಾನೇ, ತುಳಿಯುವವನೂ ನಾನೇ. ಗಿಡವಿದ್ದ ಜಾಗ ಬಂದಾಗ ಹಿಡಿಸೂಡಿ ಬದಿಗಿಟ್ಟು ಕೈಯಿಂದಲೇ ಎಲೆ ಸರಿಸಿದೆ. ಗಮ್ಮೆಂದು ಪರಿಮಳ ಬಂತು. ಎಲೆಯಿಲ್ಲ, ದಂಟಿಲ್ಲ. ಬರಿಯ ಮಣ್ಣಿನಿಂದ ಬಿಳಿ ಎಸಳಿನ, ನಡುವೆ ನೇರಳೆ ಬಣ್ಣದ ಹೂವು ಎದ್ದಿತ್ತು. ಯಾರೋ ಕೊಯ್ದು ತಂದು ನೆಲದಲ್ಲಿ ಊರಿಟ್ಟ ಹಾಗಿತ್ತು.

ಕೂಗಿದ್ದೇ ತಡ, ಅಪ್ಪ ಅಂಗಿ ಸಿಕ್ಕಿಸಿಕೊಂಡು ಬಸ್ಸಿಗೆ ಓಡಿದರು. ನಾನು ಹೂವಿಗೆ ತೆಂಗಿನ ಗರಿಯ ನೆರಳು ಮಾಡಿ, ಗದ್ದೆಯ ಅಂಚನ್ನೇ ನೋಡುತ್ತ ಕುಳಿತೆ. ಮಧ್ಯಾಹ್ನ ಗಂಜಿಯೂ ಸೇರಲಿಲ್ಲ. ಹೊತ್ತು ಇಳಿಯುವಾಗ ಅಂಚಿನ ಮೇಲೆ ಅಪ್ಪ ಒಬ್ಬರೇ ಬರುತ್ತಿದ್ದರು.

"ಅವ್ಳ್ ಮಾವನಿಗ್ ಜ್ವರ. ಈಗ ಬಪ್ಪುಕ್ ಆತಿಲ್ಲ ಅಂದ್ಲ್" ಎಂದು ನನ್ನ ತಲೆ ಸವರಿದರು. ಅಪ್ಪ ಹಾಗೆ ಸವರಿದ್ದು ನನಗೆ ಬೇರೆ ನೆನಪಿಲ್ಲ. ಹೂವು ಆಗಲೇ ಬಾಡಿತ್ತು, ಅದರ ಆಯಸ್ಸು ಅಷ್ಟೇ. ಅಕ್ಕ ಬಂದದ್ದು ಆಸಾಡಿಯ ಮಳೆಯಲ್ಲಿ, ಗಿಡದ ತುಂಬ ಎಲೆ ಇದ್ದಾಗ. ಆ ಹೂವು ತನ್ನ ಎಲೆಯ ಮುಖವನ್ನು ಎಂದೂ ನೋಡುವುದಿಲ್ಲ.

ಮೊನ್ನೆ ಹೂವು ಬಿಟ್ಟಾಗ ನೀವು ಫೋನಿನಲ್ಲಿ ತೋರಿಸಿದಿರಿ. ಮಂಗಳೂರಿನ ಹಾಸ್ಟೆಲಿನಲ್ಲಿರುವ ನಿಮ್ಮ ಅಕ್ಕ ಅಲ್ಲಿಂದಲೇ ಕಂಡು ಕುಣಿದಳು. ನಿಮಗೆ ಕಾಯುವ ಕಷ್ಟವಿಲ್ಲ, ನನಗೂ ಖುಷಿಯಾಯಿತು. ನನ್ನ ಅಕ್ಕ ತೀರಿಕೊಂಡು ವರ್ಷಗಳಾದವು. ಆದರೂ ನೆಲಸಂಪಿಗೆ ಅರಳಿದ ದಿನ ನನ್ನ ಕಣ್ಣು ಗದ್ದೆಯ ಅಂಚಿನ ಕಡೆಗೇ ಹೋಗುತ್ತದೆ.