ಓಬಳಪ್ಪನ ಎಡೆಗೆ ಅಡ್ಡ ನಿಂತ ಯಮನಮ್ಮ

ಯಮನಮ್ಮ ಸ್ಮಶಾನದ ಗೇಟಿಗೆ ಅಡ್ಡ ನಿಂತಿದ್ದಳು. ಒಳಗೆ ಹೋಗಬೇಕಾಗಿದ್ದದ್ದು ಅವಳ ಗಂಡನ ಎಡೆಯೇ. ಓಬಳಪ್ಪನನ್ನು ಮಣ್ಣು ಮಾಡಿ ಅಂದಿಗೆ ಮೂರನೇ ದಿನ. ಬುಟ್ಟಿಯಲ್ಲಿ ಅನ್ನ, ಕೋಳಿ ಸಾರು, ಒಣಮೀನು, ಎಲೆಅಡಿಕೆ, ಒಂದು ಕಟ್ಟು ಬೀಡಿ ಇದ್ದವು. ಅವುಗಳ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಸಾರು ಅವಳ ಕೈಯದ್ದೇ. ತಕರಾರಿದ್ದದ್ದು ಗಂಡನ ಅಣ್ಣ ಗಾದಿಲಿಂಗಪ್ಪ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡಿದ್ದ ಕ್ವಾರ್ಟರ್ ಬಾಟಲಿಯ ಬಗ್ಗೆ.

“ಭಾವ, ಅದನ್ನ ಹೊರಗ ಇಟ್ಟು ಬರ್ರಿ.”

“ಇದು ನಂದಲ್ಲವ್ವ. ಸತ್ತೋನ್ದು.”

ಗಾದಿಲಿಂಗಪ್ಪನ ಹಿಂದೆ ಅಂದು ಹೆಣಕ್ಕೆ ಹೆಗಲು ಕೊಟ್ಟಿದ್ದ ಮೂವರು ಹಮಾಲರು ತಲೆ ತಗ್ಗಿಸಿ ನಿಂತಿದ್ದರು. ಅವರ ಹಿಂದೆ ಯಮನಮ್ಮನ ಭತ್ತದ ನಾಟಿ ಗುಂಪಿನ ಹೆಂಗಸರು. ಗೇಟಿನ ಮೇಲೆ ಬೋರ್ಡಿತ್ತು: ಇಲ್ಲಿ ಕುಡಿಯುವುದನ್ನು ನಿಷೇಧಿಸಲಾಗಿದೆ. ಆ ಬೋರ್ಡು ಬರೆಸಿದವಳು ಯಮನಮ್ಮ.

ಮೂರನೇ ದಿನ ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಗುಂಡಿಯ ಮೇಲೆ ಇಡಬೇಕು, ಕಾಗೆ ಮುಟ್ಟಬೇಕು, ಉಳಿದದ್ದನ್ನು ಹೆಗಲು ಕೊಟ್ಟವರು ಅಲ್ಲೇ ಕುಳಿತು ಹಂಚಿಕೊಳ್ಳಬೇಕು. ಅವರ ಮನೆತನದಲ್ಲಿ ಇದು ತಲೆತಲಾಂತರದಿಂದ ನಡೆದು ಬಂದದ್ದು. ಇಷ್ಟವಾದದ್ದೊಂದು ತಪ್ಪಿದರೂ ಸತ್ತವನು ಮನೆಯ ಹೊಸ್ತಿಲು ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ. ಓಬಳಪ್ಪನಿಗೆ ಏನಿಷ್ಟ ಎಂದು ಕಂಪ್ಲಿಯಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ.

ಯಮನಮ್ಮ ಕಂಪ್ಲಿಯವಳಲ್ಲ. ಹುಟ್ಟಿದ್ದು ಚೋರನೂರಿನಲ್ಲಿ, ಮಳೆ ನಂಬಿದ ಬೆದ್ದಲು ಹೊಲದ ಊರಲ್ಲಿ. ಮದುವೆಯಾಗಿ ಬರುವ ತನಕ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೆಳೆ ಬೆಳೆಯುತ್ತಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನ ಗದ್ದೆಗಿಳಿದವಳು ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಕೊಕ್ಕರೆಯಂತೆ ನಿಂತುಬಿಟ್ಟಿದ್ದಳು. ಅತ್ತೆ ಬದುವಿನ ಮೇಲಿಂದ ಕೂಗಿದ್ದಳು: “ಯಾಕ, ಮೀನು ಹಿಡಿಯಾಕ ಬಂದೀಯೇನು?” ಆಮೇಲೆ ಅದೇ ಅತ್ತೆ ಅವಳ ಸೊಂಟಕ್ಕೆ ಸೀರೆ ಬಿಗಿದು ಕಟ್ಟಿ, ಪಕ್ಕದಲ್ಲಿ ನಿಂತು, ಪೈರು ಮೂರು ಬೆರಳಲ್ಲಿ ಹಿಡಿದು ಊರುವುದನ್ನು ಕಲಿಸಿದಳು. ಅತ್ತೆ ತೀರಿಕೊಂಡ ಮೇಲೆ ಗುಂಪಿನ ಮುಂದಾಳು ಯಮನಮ್ಮನೇ ಆದಳು. ಗದ್ದೆಯವರ ಹತ್ತಿರ ಕೂಲಿ ಮಾತಾಡುವುದು, ಟ್ರ್ಯಾಕ್ಟರ್ ಕರೆಸುವುದು, ಬಸುರಿಯರನ್ನು ಬದುವಿನ ಹತ್ತಿರದ ಸಾಲಿಗೆ ಹಾಕುವುದು ಎಲ್ಲ ಅವಳದ್ದೇ.

ಓಬಳಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ದಿನವಿಡೀ ಚೀಲ ಹೊತ್ತು, ಸಂಜೆ ಬೆನ್ನು ಹಿಡಿದುಕೊಂಡು ಜೊತೆಯವರೊಂದಿಗೆ ಸ್ಮಶಾನದ ಗೋಡೆಯ ಮೇಲೆ ಕುಳಿತು ಒಂದು ಕ್ವಾರ್ಟರ್ ಮುಗಿಸಿ ಮನೆಗೆ ಬರುವುದು ಅವನ ರೂಢಿ. ಕುಡಿದು ಹೊಡೆದವನಲ್ಲ, ಬೈದವನಲ್ಲ. ಬಂದು, ಉಂಡು, ಮಲಗುತ್ತಿದ್ದ. ಆದರೆ ಅಲ್ಲಿಗೆ ಬರುವವರೆಲ್ಲ ಓಬಳಪ್ಪನಂಥವರಲ್ಲ. ಗೋರಿಗಳ ಮೇಲೆ ಕಾಲು ಚಾಚಿ ಕುಡಿದು, ಖಾಲಿ ಬಾಟಲಿ ಯಾರು ದೂರ ಎಸೆಯುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಗೋಡೆಯಾಚೆ ಗದ್ದೆ. ಒಡೆದ ಗಾಜು ಕೆಸರಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗಷ್ಟೇ ತಿಳಿಯುತ್ತದೆ.

ಒಂದು ಮುಂಗಾರಿನ ನಾಟಿಯಲ್ಲಿ ಗುಂಪಿನ ಎರ್ರಮ್ಮನ ಕಾಲಿಗೆ ತಿಳಿಯಿತು. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮತ್ತೆ ಕೆಸರಿಗಿಳಿದಳು. ಕೂಲಿ ಬಿಡಲಾದೀತೇ. ಕಾಲು ಬಾತು, ಜ್ವರ ಬಂದು, ಕೊನೆಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. ಹೆಬ್ಬೆರಳಿಲ್ಲದ ಕಾಲು ಕೆಸರಿನಲ್ಲಿ ನಿಲ್ಲುವುದಿಲ್ಲ. ಎರ್ರಮ್ಮ ಬದುವಿನ ಮೇಲೆ ಕುಳಿತು ಸಸಿ ಕಟ್ಟು ಕಟ್ಟುವವಳಾದಳು.

ಆಗ ಯಮನಮ್ಮ ಎದ್ದದ್ದು. ನಾಟಿ ಮುಗಿಸಿದ ಹೆಂಗಸರು ಕೆಸರುಗಾಲಲ್ಲೇ ಕಸಬರಿಗೆ ಹಿಡಿದು ಸ್ಮಶಾನಕ್ಕೆ ನಡೆದರು. ಬುಟ್ಟಿಗಟ್ಟಲೆ ಗಾಜು ಹೆಕ್ಕಿದರು. ಮಾರನೆ ಸಂಜೆಯಿಂದ ಒಳಹೋಗುವ ದಾರಿಯಲ್ಲೇ ಕುಳಿತರು, ಅಲ್ಲೇ ಸೊಪ್ಪು ಸೋಸಿದರು, ಅಲ್ಲೇ ಹೇನು ನೋಡಿಕೊಂಡರು. ಬಂದ ಗಂಡಸರು ನಾಚಿ ತಿರುಗಿದರು. ಕೆಲವರು ರೇಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಯಾರೂ ಬರದಾದರು. ಬೋರ್ಡು ಬಂತು, ಗೇಟು ಬಂತು.

ತಿರುಗಿ ಹೋದವರಲ್ಲಿ ಓಬಳಪ್ಪನೂ ಒಬ್ಬ. ಅಂದು ಊಟಕ್ಕೆ ಕುಳಿತಾಗ ಕೇಳಿದ್ದ: “ಅಂಗಡ್ಯಾಗ ಕುಂತು ಕುಡಿಯಂಗಿಲ್ಲ ಅಂತಾರ. ಬಾರಿಗೆ ಹೋದ್ರ ಅರ್ಧ ಕೂಲಿ ಅಲ್ಲೇ ಹೋಗ್ತೈತಿ. ಮನ್ಯಾಗ ನೀ ಒಪ್ಪಂಗಿಲ್ಲ. ಸುಡುಗಾಡು ಒಂದಿತ್ತು, ಅಲ್ಲಿ ಕಸಬರಿಗಿ ಹಿಡ್ಕಂಡು ಕುಂತಿ. ನಾನೇನು ಗಾಳಿಯಾಗ ಕುಂದ್ರಲೇನು?”

“ಕುಡಿಯಾದ ಬಿಡು.”

“ನಾಳಿಂದ ಚೀಲ ನೀ ಹೊರು. ಬಿಡ್ತೀನಿ.”

ಇಬ್ಬರೂ ನಕ್ಕಿದ್ದರು. ಅವನು ಅವಳ ಮಾತು ಮೀರಿ ಸ್ಮಶಾನಕ್ಕೆ ಕಾಲಿಡಲಿಲ್ಲ. ಗಿರಣಿಯ ಗೆಳೆಯರು ಒಬ್ಬೊಬ್ಬರು ಒಂದೊಂದು ಮೂಲೆ ಹುಡುಕಿಕೊಂಡರು. ಓಬಳಪ್ಪ ಜಾಲಿ ಗಿಡಗಳ ಹಿಂದೆ, ಕಾಲುವೆಯ ಇಳಿಜಾರಿನಲ್ಲಿ ಒಬ್ಬನೇ ಕುಳಿತುಕೊಳ್ಳತೊಡಗಿದ. ಅಲ್ಲಿ ಅವನನ್ನು ಯಾರೂ ನೋಡುತ್ತಿರಲಿಲ್ಲ. ಕೊನೆಯ ಸಂಜೆ ಕೈ ತೊಳೆಯಲು ಇಳಿದವನು ಪಾಚಿಯ ಮೇಲೆ ಜಾರಿದಾಗಲೂ ಯಾರೂ ನೋಡಲಿಲ್ಲ. ಬೆಳಿಗ್ಗೆ ಗದ್ದೆಗಳಿಗೆ ನೀರು ಬಿಡಲು ಬಂದ ನೀರಗಂಟಿ ತೂಬಿನ ಹತ್ತಿರ ಅವನನ್ನು ಕಂಡ. ದಡದಲ್ಲಿ ಚಪ್ಪಲಿ ಇದ್ದವು, ಬಾಟಲಿ ಇನ್ನೂ ಅರ್ಧ ಇತ್ತು.

ಈಗ ಗಾದಿಲಿಂಗಪ್ಪ ಅದೇ ಮಾತನ್ನು ಗೇಟಿನ ಮುಂದೆ ತೆಗೆದ. ದನಿ ಏರಿಸಲಿಲ್ಲ.

“ಯಮನವ್ವ, ಇದು ನಾಕು ಮಂದಿ ಕುಂದ್ರೋ ಜಾಗ ಆಗಿತ್ತು. ನಾಕು ಮಂದಿ ಇದ್ದಿದ್ರ ಒಬ್ಬರಾದ್ರೂ ಕೈ ಹಿಡೀತಿದ್ರು.”

ಎರಡು ದಿನದಿಂದ ಯಮನಮ್ಮ ತನಗೆ ತಾನೇ ಹೇಳಿಕೊಳ್ಳದೆ ನುಂಗಿಕೊಂಡಿದ್ದ ಮಾತು ಅದು. ಅವಳ ಕೈ ಗೇಟಿನ ಸರಳನ್ನು ಬಿಡಲಿಲ್ಲ. ಬಿಟ್ಟರೆ ಗಂಡನ ಸಾವು ತನ್ನದೇ ತಪ್ಪೆಂದು ಒಪ್ಪಿಕೊಂಡಂತೆ. ಬಿಡದಿದ್ದರೆ ಅವನನ್ನು ಬರಿಗೈಯಲ್ಲಿ ಕಳಿಸಿದಂತೆ.

“ಬಿಡಕ್ಕ,” ಎಂದಳು ಎರ್ರಮ್ಮ. ಕುಂಟುತ್ತ ಮುಂದೆ ಬಂದಿದ್ದಳು. “ನನ್ನ ಕಾಲಿನ ಸಲುವಾಗಿ ನಿಂತೀಯಂದ್ರ, ಕಾಲು ನಂದು. ನಾ ಹೇಳ್ತೀನಿ, ಬಿಡು.”

ಹಿಂದಿನಿಂದ ಉಚ್ಚೆಂಗಮ್ಮ ಸಿಡುಕಿದಳು. ಗುಂಪಿನಲ್ಲಿ ಬಾಯಿ ಜೋರಿನವಳು ಅವಳೇ. “ನೀ ಬಿಡು ಅಂದ್ರ ಆತೇನು? ಅಕ್ಕ ಇವತ್ತು ಬಿಟ್ರ, ನಾಳೆ ನನ್ನ ಗಂಡ ನಮ್ಮಪ್ಪನ ನೆನಪಾತು ಅಂತ ಬಾಟ್ಲಿ ಹಿಡ್ಕಂಡು ಬರ್ತಾನ. ಅವಗ ಅವರಪ್ಪನ ನೆನಪು ದಿನಾ ಸಂಜಿಗೇ ಬರಾದು.”

ಹಮಾಲರಲ್ಲೊಬ್ಬ ನಗು ತಡೆಯಲು ಟವೆಲು ಬಾಯಿಗೆ ಒತ್ತಿಕೊಂಡ. ಯಮನಮ್ಮ ನಗಲಿಲ್ಲ. ಉಚ್ಚೆಂಗಮ್ಮನ ಕಡೆ ತಿರುಗಿದಳು.

“ನೀ ಅನ್ನಾದು ಖರೇ ಐತಿ. ನಾಳೆ ನಿನ್ನ ಗಂಡ ಬಂದ್ರ ನೀನೂ ನಾನೂ ಕೂಡಿ ತಡಿಯೋಣು. ಇವತ್ತು ಮಾತ್ರ ನನ್ನ ಕೈಲೆ ಆಗವಲ್ದು ನೋಡು.”

ಹಾಗೆಂದು ಅವಳು ಗೇಟು ತೆರೆದಳು. ಉಚ್ಚೆಂಗಮ್ಮ ಒಳಗೆ ಬರಲಿಲ್ಲ. ಸೆರಗು ಕೊಡವಿ, ಬಂದ ದಾರಿಯಲ್ಲೇ ನಡೆದುಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಯಮನಮ್ಮ ಅವರನ್ನು ಕೂಗಲಿಲ್ಲ.

ಹಸಿ ಮಣ್ಣಿನ ಮೇಲೆ ಎಲೆ ಹಾಸಿ ಎಡೆ ಇಟ್ಟರು. ಗಾದಿಲಿಂಗಪ್ಪ ಬಾಟಲಿಯ ಮುಚ್ಚಳ ತಿರುಗಿಸಿ, ತಮ್ಮನ ತಲೆ ಇದ್ದ ಕಡೆ ಸುರಿದ. “ತಗಳಪ್ಪ,” ಎಂದ. ಎಲ್ಲರೂ ಬೇವಿನ ಮರದ ಕೆಳಗೆ ಸರಿದು ನಿಂತರು. ಕಾಗೆ ಬಂತು. ಅದಕ್ಕೆ ಒಣಮೀನು ಬೇಕಾಗಿತ್ತು, ಎತ್ತಿಕೊಂಡು ಹೋಯಿತು.

ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾಲ್ವರು ಗಂಡಸರೂ ಯಮನಮ್ಮನ ಮುಖ ನೋಡುತ್ತ ನಿಂತರು.

“ಕುಂದ್ರಿ,” ಎಂದಳು ಅವಳು. “ನಿಂತು ಕುಡಿಬ್ಯಾಡ್ರಿ.”

ತಾನೂ ಅವರೆದುರಿಗೆ ನೆಲದ ಮೇಲೆ ಕುಳಿತಳು. ಎರ್ರಮ್ಮ ಪಕ್ಕದಲ್ಲಿ ಕಾಲು ಚಾಚಿದಳು. ಬುಟ್ಟಿಯ ಚೆಂಬಿನಲ್ಲಿ ನೀರು ಬೆರೆಸಿಕೊಂಡು ಗಂಡಸರು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಗಂಡ ದಿನಾ ಸಂಜೆ ಏನು ಮಾಡುತ್ತಿದ್ದ ಎಂಬುದನ್ನು ಯಮನಮ್ಮ ಅಲ್ಲಿಯವರೆಗೆ ಕಣ್ಣಾರೆ ನೋಡಿರಲಿಲ್ಲ. ನೋಡಲು ಅಲ್ಲಿ ದೊಡ್ಡದೇನೂ ಇರಲಿಲ್ಲ. ಚೀಲ ಹೊತ್ತು ಹೆಗಲು ಬಾಗಿದವರು ಸುಮ್ಮನೆ ಕುಳಿತಿದ್ದರು. ಒಬ್ಬನಿಗೆ ಕೆಮ್ಮು ಬಂದಾಗ ಇನ್ನೊಬ್ಬ ಬೆನ್ನು ತಟ್ಟಿದ.

ಗಾದಿಲಿಂಗಪ್ಪ ಒಂದೇ ಗುಟುಕು ಕುಡಿದ. ಚೆಂಬು ಪಕ್ಕಕ್ಕಿಟ್ಟು ಕಣ್ಣು ಒರೆಸಿಕೊಂಡ. “ಗೇಟಿನ್ಯಾಗ ಹಂಗ ಅನ್ನಬಾರದಿತ್ತು ನಾನು.”

“ಅಂದದ್ದು ಸುಳ್ಳಲ್ಲಲ್ರಿ ಭಾವ.”

“ನಾಳಿಂದ ಹೆಂಗ ಮತ್ತ?”

“ನಾಳಿಂದ ಗೇಟು ಹಾಕ್ತೀನ್ರಿ. ಕೆಸರಾಗ ಇಳಿಯೋರು ನಾವು.” ಸ್ವಲ್ಪ ಹೊತ್ತು ಮಣ್ಣು ಕೆರೆದಳು. “ಇಲ್ಲಿಂದ ಎಬ್ಬಿಸಿದೆ ನೋಡ್ರಿ, ಎಲ್ಲಿಗೆ ಹೋಗ್ತೀರಿ ಅಂತ ಒಬ್ಬರನ್ನೂ ಕೇಳ್ಲಿಲ್ಲ. ನನ್ನ ಮನ್ಯಾಗಿದ್ದೋನ್ನೂ ಕೇಳ್ಲಿಲ್ಲ.”

ಗಂಡ ಸತ್ತು ತಿಂಗಳು ತುಂಬುವ ಮೊದಲೇ ಯಮನಮ್ಮ ವಾರ್ಡಿನ ಮೆಂಬರ್ ವಿರೂಪಾಕ್ಷಪ್ಪನ ಗೊಬ್ಬರದಂಗಡಿಗೆ ಹೋದಳು. ಅವಳು ಕೇಳಿದ್ದನ್ನು ಅವನು ಎರಡು ಸಲ ಹೇಳಿಸಿಕೊಂಡ. ಆಮೇಲೆ ನಕ್ಕ.

“ಬೋರ್ಡು ಬೇಕು ಅಂತ ನನ್ನ ಜೀವ ತಿಂದಾಕಿ ನೀನ ಅಲ್ಲೇನವ್ವ? ಈಗ ಕುಡಿಯೋರಿಗೆ ಜಾಗ ಕೊಡು ಅಂತ ಬಂದೀಯಲ್ಲ.”

“ಬೋರ್ಡು ಅಲ್ಲೇ ಇರ್ಲಿರಿ. ಬ್ಯಾರೆ ಕಡಿ ಒಂದು ಜಾಗ ಕೊಡ್ರಿ. ಗದ್ದಿ, ಕಾಲುವಿ ಹತ್ರ ಬ್ಯಾಡ. ದಾರಿಗೆ ಹೋಗೋರ ಕಣ್ಣಿಗೆ ಬೀಳಂಗಿರ್ಲಿ. ಒಂದು ದೀಪ, ಬಾಟ್ಲಿ ಹಾಕಾಕ ಒಂದು ಡ್ರಮ್ಮು.”

“ಕಾನೂನು ಒಪ್ಪಂಗಿಲ್ಲ.”

“ಮಾರಾಕ ಒಪ್ಪೇತಲ್ರಿ.”

ವಿರೂಪಾಕ್ಷಪ್ಪನ ನಗು ನಿಂತಿತು. “ಜನ ಉಗೀತಾರ, ಯಮನಮ್ಮ. ನಿಮ್ಮ ಗುಂಪಿನ ಹೆಣ್ಮಕ್ಕಳೇ ಉಗೀತಾರ.”

“ಉಗಿಯಾಕ ಹತ್ಯಾರ್ರಿ. ಉಚ್ಚೆಂಗಮ್ಮ ಮೂವರನ್ನ ಕರ್ಕಂಡು ಬ್ಯಾರೆ ಗುಂಪು ಕಟ್ಟ್ಯಾಳ.”

ಅವನಿಗೆ ಫೋನು ಬಂತು. ಆಮೇಲೆ ಬಾ ಎನ್ನುವಂತೆ ಕೈ ಮಾಡಿ ಎದ್ದು ಒಳಗೆ ಹೋದ. ಯಮನಮ್ಮ ಸುತ್ತ ನೋಡಿದಳು. ಗೊಬ್ಬರದ ಚೀಲಗಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಕಾಲು ಮಡಚಿ, ಚೀಲಕ್ಕೆ ಒರಗಿ, ಅವನು ಹೊರಗೆ ಬರುವುದನ್ನು ಕಾಯುತ್ತ ಕುಳಿತಳು.